ಪುಟದೊಳಗಣ ಪುಟ

ನೋಷನ್ ಎಂಬ ಟಿಪ್ಪಣಿ ತಂತ್ರಾಂಶದಲ್ಲಿ ಬರೆದ ಪುಟವನ್ನು ಅನ್ಯ ಜಾಲತಾಣದೊಳಗೆ ತೋರಿಸುವುದಕ್ಕೆ ‘ಎಂಬೆಡ್’ ಮಾಡುವುದೆಂದು ಹೆಸರು. ಇದನ್ನು ಪ್ರತಿಲೇಖನವೆಂದು ಭಾವಿಸುವುದು ಯುಕ್ತವಲ್ಲ. ಲಿಪಿಕಾರನು ಓಲೆಯನ್ನು ನಕಲು ಮಾಡಿದೊಡನೆ ಪ್ರತಿಗಳೆರಡಾಗಿ, ತಮ್ಮ ತಮ್ಮ ಪಾಠಗಳನ್ನು ಬೆಳೆಸಿಕೊಳ್ಳುವುವು. ಇಲ್ಲಿಯಾದರೋ ಪ್ರತಿ ಒಂದೇ. ಪುಟವನ್ನು ಮೊದಲು ಸಾರ್ವಜನಿಕವಾಗಿ ಪ್ರಕಟಿಸಿ, ಬಳಿಕ ತಂತ್ರಾಂಶವು ಕೊಡುವ ಸಂಕೇತವಾಕ್ಯವನ್ನು ತಾಣದಲ್ಲಿ ಸೇರಿಸಬೇಕು. ಆ ವಾಕ್ಯದ ಜೀವವು ‘ಐಫ್ರೇಮ್’ ಎಂಬ ಪದ. 1997ರ ಎಚ್‌ಟಿಎಂಎಲ್ 4.0 ನಿಬಂಧನೆಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಅದು ಗೋಡೆಯಲ್ಲಿ ತೆರೆದ ಕಿಟಕಿ. ಕಾಣುವ ತೋಟವು ನೆರೆಯವನದು. ಅವನು ಒಪ್ಪದಿದ್ದರೆ ಕಿಟಕಿಯೂ ತೆರೆಯದು: ಮೂಲದ ಸರ್ವರು ‘ಫ್ರೇಮ್-ಆನ್ಸೆಸ್ಟರ್ಸ್’ ಎಂಬ ಆಜ್ಞೆಯಿಂದ ನಿಷೇಧಿಸಿದಲ್ಲಿ ಬ್ರೌಸರು ಪುಟವನ್ನು ತೋರಿಸದು.

ಗ್ರಂಥಸಂಪಾದಕರಿಗೆ ಇದರಲ್ಲಿ ಲಾಭವೂ ಭಯವೂ ಉಂಟು. ಮೂಲದಲ್ಲಿ ಅಪಪಾಠವೊಂದನ್ನು ತಿದ್ದಿದರೆ ಅದು ಕಾಣುವ ಎಡೆಗಳಲ್ಲೆಲ್ಲಾ ತಿದ್ದಿಹೋಗುವುದು. ಆದರೆ ನಿನ್ನೆ ವಿದ್ವಾಂಸನೊಬ್ಬನು ಉದ್ಧರಿಸಿದ ಪಾಠವು ಇಂದು ಅಲ್ಲಿರದು. ಇದ್ದಿತೆಂಬುದಕ್ಕೆ ಓದುಗನಿಗೆ ಕುರುಹೂ ಕಾಣದು. (ಪ್ರಕ್ಷೇಪವನ್ನು ಕಂಡುಹಿಡಿಯಲು ನಮಗೆ ಹಳೆಯ ಓಲೆಯಾದರೂ ಉಳಿದಿರುತ್ತಿತ್ತು!) ಕರ್ತೃವು ಪ್ರಕಟಣೆಯನ್ನು ಹಿಂತೆಗೆದನೆಂದರೆ ಪುಟವೇ ಮರೆಯಾಗುವುದು. ಆದುದರಿಂದ ಬೆಳೆಯುತ್ತಿರುವ ಪದಸೂಚಿಗೂ ತರಗತಿಯ ಟಿಪ್ಪಣಿಗೂ ಈ ಕ್ರಮವು ಸಾಧುವು. ನಿರ್ಣೀತವಾದ ಗ್ರಂಥಪಾಠವನ್ನು ದಿನಾಂಕಸಹಿತವಾಗಿ ಪ್ರತಿಮಾಡಿಯೇ ಇಡತಕ್ಕುದು.