ಘಾಟಿ ಏರುವ ಕಾರು, ದೂಡಿಸಿಕೊಳ್ಳುವ ಸೈಕಲ್: ‘ಕೆಲಸ ಮತ್ತು ಶಕ್ತಿ’ ಪಾಠಕ್ಕೊಂದು ಸ್ಥಳೀಯ ಉದಾಹರಣೆ

ಒಂಬತ್ತನೆಯ ತರಗತಿಯ ‘ಕೆಲಸ ಮತ್ತು ಶಕ್ತಿ’ ಘಟಕವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ನಮ್ಮ ತಾಲ್ಲೂಕುಗಳಲ್ಲಿ ಉದಾಹರಣೆಗಳ ಕೊರತೆಯಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ರ ಮೇಲಿನ ಊರುಗಳು. ಅಲ್ಲಿಂದ ಪೂರ್ವಕ್ಕೆ ಹೊರಟರೆ ಕುಮಟಾದವರಿಗೆ ಶಿರಸಿ ದಾರಿಯ ದೇವಿಮನೆ ಘಾಟಿ, ಹೊನ್ನಾವರದವರಿಗೆ ಗೇರುಸೊಪ್ಪ ದಾಟಿದ ಮೇಲೆ ಜೋಗದ ಕಡೆಯ ಘಾಟಿ, ಭಟ್ಕಳದವರಿಗೆ ಕೋಗಾರ ಘಾಟಿ ಎದುರಾಗುತ್ತದೆ.

ಈ ಏರುಗಳಲ್ಲಿ ಕಾರು ಗೇರು ಬದಲಿಸಿ ಮುಂದೆ ಹೋಗುತ್ತದೆ, ಸೈಕಲ್ ಸವಾರ ಇಳಿದು ದೂಡುತ್ತಾನೆ. ಏಕೆ ಎಂದು ಕೇಳಿದರೆ ಮಕ್ಕಳು ಸಾಮಾನ್ಯವಾಗಿ ಕೊಡುವ ಉತ್ತರ: “ಕಾರಿಗೆ ಗೇರಿದೆ. ಗೇರು ಹಾಕಿದರೆ ಶಕ್ತಿ ಹೆಚ್ಚುತ್ತದೆ.” ಈ ಉತ್ತರವನ್ನು ಹಾಗೆಯೇ ಒಪ್ಪಿಕೊಂಡರೆ ಅದೇ ಘಟಕದಲ್ಲಿ ಮುಂದೆ ಬರುವ ಶಕ್ತಿ ಸಂರಕ್ಷಣೆಯ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ. ಗೇರು ಶಕ್ತಿಯನ್ನು ಹುಟ್ಟಿಸುವುದಿಲ್ಲ. ಬಲ ಮತ್ತು ದೂರಗಳ ನಡುವೆ ವಿನಿಮಯ ಮಾಡಿಸುತ್ತದೆ, ಅಷ್ಟೇ.

ಏರಿನ ಲೆಕ್ಕ

ವಿದ್ಯಾರ್ಥಿ ಮತ್ತು ಸೈಕಲ್ ಸೇರಿ 70 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. 100 ಮೀಟರ್ ರಸ್ತೆಗೆ 8 ಮೀಟರ್ ಏರು ಇದ್ದರೆ, ಇಳಿಜಾರಿನ ಉದ್ದಕ್ಕೂ ಹಿಂದಕ್ಕೆ ಎಳೆಯುವ ಬಲ 70 × 9.8 × 0.08, ಅಂದರೆ ಸುಮಾರು 55 ನ್ಯೂಟನ್. ಚಕ್ರ ಉರುಳುವಾಗಿನ ಘರ್ಷಣೆಗೆ 5 ಸೇರಿಸಿದರೆ 60 ನ್ಯೂಟನ್. ಸಾಧಾರಣ ಸವಾರನೊಬ್ಬ ಬಹಳ ಹೊತ್ತು ಕೊಡಬಲ್ಲ ಸಾಮರ್ಥ್ಯ ಸುಮಾರು 100 ವ್ಯಾಟ್. 100ನ್ನು 60ರಿಂದ ಭಾಗಿಸಿದರೆ ವೇಗ ಸೆಕೆಂಡಿಗೆ 1.67 ಮೀಟರ್, ಗಂಟೆಗೆ 6 ಕಿಲೋಮೀಟರ್. ಯಾವ ಗೇರು ಹಾಕಿದರೂ ಇದಕ್ಕಿಂತ ವೇಗ ಸಿಗದು.

ಈಗ ಒಂದು ಸಣ್ಣ ಕಾರು. ಜನ ಸೇರಿ 1000 ಕಿಲೋಗ್ರಾಂ. ಅದೇ ಏರಿನಲ್ಲಿ ಘರ್ಷಣೆಯೂ ಸೇರಿ ಸುಮಾರು 900 ನ್ಯೂಟನ್ ಬೇಕು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಏರಲು 9 ಕಿಲೋವ್ಯಾಟ್ ಸಾಕು. ಎಂಜಿನ್ನಿನ ಗರಿಷ್ಠ ಸಾಮರ್ಥ್ಯ 40–50 ಕಿಲೋವ್ಯಾಟ್. ಪ್ರತಿ ಕಿಲೋಗ್ರಾಂಗೆ ಕಾರಿನ ಬಳಿ 40 ವ್ಯಾಟಿಗೂ ಹೆಚ್ಚು, ಸವಾರನ ಬಳಿ ಒಂದೂವರೆ ವ್ಯಾಟಿಗಿಂತ ಕಡಿಮೆ. ಮೊದಲ ವ್ಯತ್ಯಾಸ ಇದು. ಇದಕ್ಕೂ ಗೇರಿಗೂ ಸಂಬಂಧವಿಲ್ಲ.

ಗೇರು ಮಾಡುವ ಕೆಲಸ

ಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕೊಡುತ್ತ ಬಂದ ಸೈಕಲ್ಲಿನಂಥ ಗೇರಿಲ್ಲದ ಸೈಕಲ್ಲನ್ನೇ ತೆಗೆದುಕೊಳ್ಳೋಣ. ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18, ಚಕ್ರದ ಸುತ್ತಳತೆ 2.2 ಮೀಟರ್ ಇದ್ದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ 5.4 ಮೀಟರ್ ಸಾಗುತ್ತದೆ. ಪಾದ ಸಾಗುವುದು ಸುಮಾರು 1.07 ಮೀಟರ್ ಮಾತ್ರ. ಹಾಗಾಗಿ ಮೇಲಿನ ಏರಿನಲ್ಲಿ ಪೆಡಲಿಗೆ ಸರಾಸರಿ 300 ನ್ಯೂಟನ್ ಬಲ ಬೇಕು. ಪೆಡಲ್ ಮೇಲಿನ ಮತ್ತು ಕೆಳಗಿನ ತುದಿಗಳಲ್ಲಿರುವಾಗ ಕಾಲಿನ ಒತ್ತಡ ಅಷ್ಟಾಗಿ ಉಪಯೋಗಕ್ಕೆ ಬಾರದ್ದರಿಂದ, ನಡುವೆ ಇನ್ನೂ ಹೆಚ್ಚು ಒತ್ತಬೇಕು. ವಿದ್ಯಾರ್ಥಿ ಸೀಟಿನಿಂದೆದ್ದು ಹೆಚ್ಚುಕಡಿಮೆ ಮೈಭಾರವನ್ನೆಲ್ಲ ಪೆಡಲ್ ಮೇಲೆ ಹಾಕುವುದು ಇದಕ್ಕೇ.

ಮುಂದೆ 28, ಹಿಂದೆ 28 ಹಲ್ಲಿನ ಗೇರಿದ್ದರೆ ಒಂದು ಸುತ್ತಿಗೆ ಸೈಕಲ್ 2.2 ಮೀಟರ್ ಮಾತ್ರ ಸಾಗುತ್ತದೆ. ಬಲವೂ ಸುಮಾರು 120 ನ್ಯೂಟನ್ನಿಗೆ ಇಳಿಯುತ್ತದೆ. ಆದರೆ ಸುತ್ತುಗಳ ಸಂಖ್ಯೆ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ. 100 ಮೀಟರ್ ಎತ್ತರ ಏರಲು ಗುರುತ್ವದ ವಿರುದ್ಧ ಮಾಡಬೇಕಾದ 68,600 ಜೂಲ್ ಕೆಲಸ ಎರಡೂ ಸಂದರ್ಭಗಳಲ್ಲಿ ಒಂದೇ. ಘಾಟಿಯ ತಿರುವುಗಳೂ ಇದೇ ಬಗೆಯವು: ದಾರಿ ಉದ್ದವಾಗುತ್ತದೆ, ಬೇಕಾದ ಬಲ ಕಡಿಮೆಯಾಗುತ್ತದೆ.

ಹಾಗಿದ್ದರೆ ಅಷ್ಟೊಂದು ಸಾಮರ್ಥ್ಯವಿರುವ ಕಾರಿಗೆ ಗೇರು ಯಾಕೆ? ಕಾಲು ನಿಂತ ಪೆಡಲಿನ ಮೇಲೂ ಬಲ ಹಾಕಬಲ್ಲದು. ಎಂಜಿನ್ ಹಾಗಲ್ಲ, ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತಿದ್ದರೆ ಮಾತ್ರ ಅದು ಜೀವಂತ, ಪೂರ್ಣ ಸಾಮರ್ಥ್ಯ ಸಿಗುವುದು ಸಾವಿರಾರು ಸುತ್ತುಗಳಲ್ಲಿ. ಮೇಲಿನ ಗೇರಿನಲ್ಲಿ ಏರು ಹತ್ತಿದರೆ ಚಕ್ರದೊಂದಿಗೆ ಎಂಜಿನ್ನೂ ನಿಧಾನವಾಗಿ ಕೊನೆಗೆ ಆಫ್ ಆಗುತ್ತದೆ. ಕೆಳಗಿನ ಗೇರು, ಚಕ್ರ ನಿಧಾನವಾಗಿ ಉರುಳುತ್ತಿದ್ದರೂ ಎಂಜಿನ್ ವೇಗವಾಗಿ ತಿರುಗಲು ಬಿಡುತ್ತದೆ.

ಸವಾರನ ಕಷ್ಟ ಬೇರೆ. ವೇಗ ತೀರ ಇಳಿದರೆ ಸೈಕಲ್ಲಿನ ಸಮತೋಲ ತಪ್ಪುತ್ತದೆ. ಗಂಟೆಗೆ 3 ಕಿಲೋಮೀಟರಿನಂತೆ ದೂಡಿಕೊಂಡು ನಡೆದರೆ ಬೀಳುವ ಭಯವಿಲ್ಲ, ಬೇಕಾದ ಸಾಮರ್ಥ್ಯವೂ ಅರ್ಧ. ಇಳಿದು ದೂಡುವುದು ಸೋಲಲ್ಲ, ಸರಿಯಾದ ಲೆಕ್ಕ.

ಇಳಿಯುವಾಗ

ಪಾಠದಲ್ಲಿ ಬಿಟ್ಟುಹೋಗುವ ಭಾಗ ಇದು. ಮಕ್ಕಳ ಸುರಕ್ಷತೆಗೆ ಬಹು ಮುಖ್ಯವಾದದ್ದೂ ಇದೇ. ಏರಿದಾಗ ಕೂಡಿಟ್ಟ ಪ್ರಚ್ಛನ್ನ ಶಕ್ತಿ ಇಳಿಯುವಾಗ ಎಲ್ಲಿಗಾದರೂ ಹೋಗಲೇಬೇಕು. ಕಾರನ್ನು ಕೆಳಗಿನ ಗೇರಿನಲ್ಲಿಟ್ಟರೆ ಚಕ್ರಗಳು ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ, ಅದು ತಡೆಯೊಡ್ಡುತ್ತದೆ, ಬ್ರೇಕಿನ ಹೊರೆ ತಗ್ಗುತ್ತದೆ. ನ್ಯೂಟ್ರಲ್ಲಿನಲ್ಲಿ ಇಳಿಸಿದರೆ ಈ ನೆರವು ಇಲ್ಲ.

ಸೈಕಲ್ಲಿನಲ್ಲಿ ಫ್ರೀವೀಲ್ ಇರುವುದರಿಂದ ಚಕ್ರ ಪೆಡಲನ್ನು ತಿರುಗಿಸುವುದಿಲ್ಲ. ಆ 68,600 ಜೂಲಿನ ಬಹುಪಾಲು ಬ್ರೇಕ್ ರಬ್ಬರ್ ಮತ್ತು ರಿಮ್ಮಿನಲ್ಲಿ ಶಾಖವಾಗಬೇಕು. ಮಳೆಗಾಲದಲ್ಲಿ ರಿಮ್ ಒದ್ದೆಯಾಗಿದ್ದರೆ ಬ್ರೇಕ್ ಹಿಡಿಯುವುದೂ ತಡ. ಆದ್ದರಿಂದ ಆರಂಭದಿಂದಲೇ ವೇಗ ಕಡಿಮೆಯಿರಲಿ, ಎರಡೂ ಬ್ರೇಕ್ ಬಳಸಲಿ ಎಂಬ ಮಾತನ್ನು ಕಾರಣಸಹಿತ ಹೇಳಬಹುದು.

ತರಗತಿಯಲ್ಲಿ

ಮಕ್ಕಳನ್ನು ಘಾಟಿಗೆ ಕರೆದೊಯ್ಯಬೇಕಾಗಿಲ್ಲ. ಶಾಲೆಯ ಅಂಗಳದಲ್ಲಿ ಸೈಕಲ್ಲೊಂದನ್ನು ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಪೆಡಲನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಚಕ್ರ ಎಷ್ಟು ಸುತ್ತು ತಿರುಗಿತೆಂದು ಮಕ್ಕಳೇ ಎಣಿಸಲಿ. ಅನಂತರ ಹಲ್ಲುಗಳನ್ನು ಎಣಿಸಿ ತಾಳೆ ನೋಡಲಿ. ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ಫ್ರೀವೀಲಿನ ಟಿಕ್ ಟಿಕ್ ಸದ್ದು ಕೇಳುತ್ತದೆ. ಚಕ್ರ ತಿರುಗುವಾಗ ಸರಪಳಿ, ಕಡ್ಡಿಗಳ ಹತ್ತಿರ ಯಾರೂ ಬೆರಳು ತಾರದಂತೆ ನೋಡಿಕೊಳ್ಳಿ.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆಗಳು:
1. ಕೆಳಗಿನ ಗೇರಿನಲ್ಲಿ ಬಲ ಕಡಿಮೆ ಸಾಕಾದರೆ, ಹೆಚ್ಚಾಗುವುದು ಯಾವುದು?
2. ನೇರ ರಸ್ತೆ, ತಿರುವಿನ ರಸ್ತೆ ಎರಡೂ ಒಂದೇ ಎತ್ತರಕ್ಕೆ ಹೋದರೆ ಗುರುತ್ವದ ವಿರುದ್ಧದ ಕೆಲಸ ಯಾವುದರಲ್ಲಿ ಹೆಚ್ಚು?
3. ಇಳಿಜಾರಿನಲ್ಲಿ ಕಾರಿಗೆ ಸಿಗುವ ಯಾವ ನೆರವು ಸೈಕಲ್ಲಿಗೆ ಸಿಗದು? ಏಕೆ?

ಮೂರನೆಯದಕ್ಕೆ ‘ಫ್ರೀವೀಲ್’ ಎಂಬ ಒಂದು ಪದದ ಉತ್ತರಕ್ಕೆ ನಿಲ್ಲದೆ, ಶಕ್ತಿ ಎಲ್ಲಿಗೆ ಹೋಯಿತು ಎಂದು ಮಗು ವಿವರಿಸಿದರೆ ಪಾಠದ ಉದ್ದೇಶ ಈಡೇರಿದೆ ಎಂದು ತಿಳಿಯಬಹುದು.