ಆಸ್ಕರ್ ಮೀನಿಗೆ ಎಷ್ಟು ನೀರು, ಎಷ್ಟು ಸೆಳೆತ?

ಆಸ್ಕರ್ ಸಾಕುವವರು ಫಿಲ್ಟರ್ ಕೊಳ್ಳುವಾಗ ಸಾಮಾನ್ಯವಾಗಿ ಕೇಳುವುದು ಒಂದನ್ನೇ: ಗಂಟೆಗೆ ಎಷ್ಟು ಲೀಟರ್ ಎಳೆಯುತ್ತದೆ? ಪ್ರಶ್ನೆಯೇನೋ ಸರಿ, ಆದರೆ ಅಪೂರ್ಣ. ಫಿಲ್ಟರಿನೊಳಗೆ ಹಾದುಹೋಗುವ ನೀರಿನ ಪ್ರಮಾಣ ಬೇರೆ, ಆ ನೀರು ಮೀನಿನ ಮೈಗೆ ಬಡಿಯುವ ವೇಗ ಬೇರೆ. ಈ ಮೀನಿಗೆ ಮೊದಲನೆಯದು ಧಾರಾಳವಾಗಿರಬೇಕು, ಎರಡನೆಯದು ಕಡಿಮೆಯಿರಬೇಕು. ಒಂದೇ ಪಂಪಿನಿಂದ ಎರಡನ್ನೂ ಪಡೆಯಬಹುದು.

ಆಸ್ಕರ್‌ನ ತವರು ಅಮೆಜಾನ್ ಜಲಾನಯನದ ನಿಧಾನಗತಿಯ ನೀರು: ನೆರೆ ನುಗ್ಗಿ ನಿಲ್ಲುವ ಕಾಡು, ಹಿನ್ನೀರು, ಕೆಸರು ತಳದ ಹಳ್ಳ. ಮೂವತ್ತು ಸೆಂಟಿಮೀಟರ್ ಮೀರಿ ಬೆಳೆಯುವ ಅದರ ಮೈ ಎತ್ತರವಾಗಿ, ಎರಡೂ ಪಕ್ಕ ಒತ್ತಿದಂತೆ ಚಪ್ಪಟೆಯಾಗಿದೆ. ಪಕ್ಕೆಯ ರೆಕ್ಕೆ ಆಡಿಸುತ್ತ ನಿಂತಲ್ಲೇ ನಿಲ್ಲಲು, ಥಟ್ಟನೆ ತಿರುಗಲು ಒಳ್ಳೆಯ ಮೈಕಟ್ಟು ಅದು. ಸೆಳೆತಕ್ಕೆ ಎದುರಾಗಿ ದಿನವಿಡೀ ಈಜಲು ಅಲ್ಲ. ಹಾಗೆಂದು ಆಸ್ಕರ್ ಸೇರಿದ ಸಿಕ್ಲಿಡ್ ಕುಟುಂಬದ ಮೀನುಗಳೆಲ್ಲ ಹೀಗೇ ಎನ್ನುವಂತಿಲ್ಲ. ಕಾಂಗೋ ನದಿಯ ರಭಸದಲ್ಲಿ ಬಂಡೆಗೆ ಆತುಕೊಂಡು ಬದುಕುವ ಉದ್ದ ಮೈಯ ಸಿಕ್ಲಿಡ್‌ಗಳೂ ಇವೆ. ಆದ್ದರಿಂದ ಕುಟುಂಬದ ಹೆಸರು ನೋಡಿ ಪಂಪು ಆರಿಸುವುದರಲ್ಲಿ ಅರ್ಥವಿಲ್ಲ. ಮೀನು ಬಂದ ನೀರನ್ನು ನೋಡಬೇಕು.

ಹಾಗಾದರೆ ನೀರು ನಿಂತಿದ್ದರೇ ಒಳ್ಳೆಯದಲ್ಲವೇ? ಆಸ್ಕರ್‌ಗೆ ಆಮ್ಲಜನಕದ ಕೊರತೆ ತಾಳುವ ಶಕ್ತಿಯೂ ಅಸಾಧಾರಣ. ಆಮ್ಲಜನಕ ಬಹುತೇಕ ಇಲ್ಲದ ನೀರಿನಲ್ಲೂ ಅದು ಕೆಲವು ಗಂಟೆ ಜೀವ ಹಿಡಿದಿರುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಟ್ಯಾಂಕಿನಲ್ಲಿ ಮೀನಿನ ಜೊತೆ ಬ್ಯಾಕ್ಟೀರಿಯಾವೂ ಉಸಿರಾಡುತ್ತಿರುತ್ತವೆ. ಹೊಟ್ಟೆಬಾಕ ಆಸ್ಕರ್ ತಿಂದ ಪ್ರೋಟೀನಿನ ಸಾರಜನಕ ಬಹುಪಾಲು ಕಿವಿರಿನ ಮೂಲಕ ಅಮೋನಿಯಾ ಆಗಿ ಹೊರಬರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಆ ವಿಷವನ್ನು ನೈಟ್ರೇಟ್ ಆಗಿಸಲು ಒಂದು ಗ್ರಾಂ ಅಮೋನಿಯಾ-ಸಾರಜನಕಕ್ಕೆ ಸುಮಾರು 4.5 ಗ್ರಾಂ ಆಮ್ಲಜನಕ ಬಳಸುತ್ತವೆ. 28 ಡಿಗ್ರಿಯ ಸಿಹಿನೀರಿನಲ್ಲಿ ಗಾಳಿಯಿಂದ ಕರಗಿ ನಿಲ್ಲುವ ಆಮ್ಲಜನಕವೋ, ಲೀಟರಿಗೆ 8 ಮಿಲಿಗ್ರಾಂಗಿಂತ ಕಡಿಮೆ. ಅದು ಒಳಬರುವ ಬಾಗಿಲು ಮೇಲ್ಮೈ. ಅಲ್ಲಿಂದ ತಾನಾಗಿ ತಳಕ್ಕೆ ಇಳಿಯಲು ಬಹಳ ಕಾಲ ಬೇಕು. ನೀರೇ ಮೇಲೆ ಕೆಳಗೆ ತಿರುಗುತ್ತಿರಬೇಕು.

ಈಗ ಸ್ವಲ್ಪ ಲೆಕ್ಕ. 120 ಸೆಂ.ಮೀ. ಉದ್ದ, 60 ಅಗಲ, 55 ಎತ್ತರ ನೀರಿರುವ ಟ್ಯಾಂಕಿನಲ್ಲಿ ಸುಮಾರು 400 ಲೀಟರ್ ಹಿಡಿಯುತ್ತದೆ. ಗಂಟೆಗೆ 2000 ಲೀಟರ್ ಹರಿದರೂ, ಅದು ಟ್ಯಾಂಕಿನ ಪೂರ್ತಿ ಅಡ್ಡಗಲಕ್ಕೆ ಹರಡಿದರೆ ವೇಗ ಸೆಕೆಂಡಿಗೆ ಎರಡು ಮಿಲಿಮೀಟರ್ ಕೂಡ ಇಲ್ಲ. ಅದೇ ನೀರು 16 ಮಿ.ಮೀ. ಒಳವ್ಯಾಸದ ಕೊಳವೆಯಿಂದ ಸೆಕೆಂಡಿಗೆ ಸುಮಾರು 2.8 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಧಾರೆ ಮುಂದೆ ಹೋದಂತೆ ಸುತ್ತಲ ನೀರನ್ನು ಎಳೆದುಕೊಂಡು ಸೊರಗುತ್ತದೆ ನಿಜ, ಆದರೆ 60 ಸೆಂ.ಮೀ. ದೂರದಲ್ಲೂ ಅದರ ನಡುವಿನ ವೇಗ ಸೆಕೆಂಡಿಗೆ ಸುಮಾರು 40 ಸೆಂ.ಮೀ. ಉಳಿದಿರುತ್ತದೆ. ಮೂವತ್ತು ಸೆಂಟಿಮೀಟರಿನ ಮೀನು ಅಲ್ಲಿ ನಿಂತಲ್ಲೇ ನಿಲ್ಲಬೇಕಾದರೂ ಸೆಕೆಂಡಿಗೆ ತನ್ನ ಮೈಯುದ್ದಕ್ಕಿಂತ ಹೆಚ್ಚು ಈಜಬೇಕು. ಕೊಳವೆಯ ತುದಿಗೆ 4 ಮಿ.ಮೀ. ತೂತುಗಳು ಇಪ್ಪತ್ತಿರುವ ಉದ್ದನೆಯ ಸ್ಪ್ರೇ ಬಾರ್ ಹಾಕಿದರೆ ಅದೇ ದೂರದಲ್ಲಿ ವೇಗ ಹತ್ತರ ಆಸುಪಾಸಿಗೆ ಇಳಿಯುತ್ತದೆ. ತೂತುಗಳನ್ನು ಮೇಲ್ಮೈಯತ್ತ ತಿರುಗಿಸಿದರೆ ಇನ್ನೂ ಕಡಿಮೆ. ಫಿಲ್ಟರಿಗೆ ಹೋಗುವ ನೀರು ಹೆಚ್ಚೇನೂ ಕುಗ್ಗುವುದಿಲ್ಲ.

ಸೆಳೆತ ಮೀನಿಗೆ ವ್ಯಾಯಾಮ ಎನ್ನುವವರಿದ್ದಾರೆ. ವ್ಯಾಯಾಮವಾಗಬೇಕಾದರೆ ದಣಿದಾಗ ಬಿಟ್ಟು ಹೋಗುವ ಜಾಗವಿರಬೇಕು. ಟ್ಯಾಂಕಿನ ಒಂದು ತುದಿಯಲ್ಲಿ ಹರಿವು, ಇನ್ನೊಂದರಲ್ಲಿ ದೊಡ್ಡ ಮರದ ತುಂಡಿನ ಮರೆ ಇದ್ದರೆ ಆಯ್ಕೆ ಮೀನಿನದು. ನಿಧಾನ ನೀರಿನಲ್ಲಿ ಹಿಕ್ಕೆ ತಳದಲ್ಲೇ ಕೂರುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಅದಕ್ಕೆ ಮದ್ದು ಧಾರೆಯ ರಭಸವಲ್ಲ; ಹೀರುವ ಕೊಳವೆಯನ್ನು ಎದುರು ತುದಿಯಲ್ಲಿ, ತಳಕ್ಕೆ ಹತ್ತಿರ ಇಡುವುದು. ಉಳಿದದ್ದನ್ನು ಜಲ್ಲಿ ಕೆದಕುವ ಆಸ್ಕರ್ ತಾನೇ ಎಬ್ಬಿಸುತ್ತದೆ. ನೈಟ್ರೇಟ್ ಮಾತ್ರ ಎಷ್ಟು ಹರಿಸಿದರೂ ಹೋಗುವುದಿಲ್ಲ, ನೀರು ಬದಲಿಸಲೇಬೇಕು.

ಇನ್ನು ಕರೆಂಟು ಹೋದರೆ ಮೊದಲು ಕಷ್ಟಕ್ಕೆ ಸಿಕ್ಕುವುದು ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿನೊಳಗಿನ ಬ್ಯಾಕ್ಟೀರಿಯಾ. ಅಲ್ಲಿದ್ದ ಆಮ್ಲಜನಕ ಮುಗಿದು ನೀರು ನಾರತೊಡಗುತ್ತದೆ. ಹಲವು ಗಂಟೆಗಳ ನಂತರ ಕರೆಂಟು ಬಂದರೆ ತಕ್ಷಣ ಸ್ವಿಚ್ ಹಾಕದೆ, ಒಳಗಿನ ನೀರು ಚೆಲ್ಲಿ, ಸ್ಪಂಜನ್ನು ಟ್ಯಾಂಕಿನದೇ ನೀರಿನಲ್ಲಿ ಜಾಲಿಸಿ ಆಮೇಲೆ ಓಡಿಸಬೇಕು. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆದರೆ ಉಳಿದ ಬ್ಯಾಕ್ಟೀರಿಯಾವೂ ಸಾಯಬಹುದು.