ಟಿಕೀಟಿನ ಹಣ, ಅಂಧರ ಅನ್ನ

ಅಕ್ಕಮಹಾದೇವಿಯ ತವರಾದ ಉಡುತಡಿಗೆ ಹಾನಗಲ್ಲ ಸೀಮೆಯು ಬಹು ದೂರದ್ದಲ್ಲ. ಅಂಧ ಗಾಯಕರಾದ ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಹುಟ್ಟಿದ್ದು ಆ ಸೀಮೆಯಲ್ಲಿಯೇ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಬಾಲಕರಿಗೆ ಅನ್ನವಿಕ್ಕಿ ಸಂಗೀತ ಕಲಿಸಲು ಹಣವೆಲ್ಲಿಂದ ಬರಬೇಕು? ಗುರುಗಳು ನಾಟಕ ಕಂಪನಿಯನ್ನೇ ಕಟ್ಟಿದರು. ಟಿಕೀಟಿನ ಹಣ ಆಶ್ರಮದ ಒಲೆಗೆ ಸೌದೆಯಾಯಿತು. ಕಂಪನಿ ನಾಟಕವೆಂದರೆ ಮೂಗು ಮುರಿಯುವ ಸಂಗೀತಪ್ರಿಯರು ಇದನ್ನು ಗಮನಿಸಬೇಕು! ಬಸವರಾಜ ರಾಜಗುರುಗಳಂಥ ಗಾಯಕರು ಪಂಚಾಕ್ಷರ ಗವಾಯಿಗಳ ಬಳಿಯೇ ಬೆಳೆದವರು.

೧೯೪೪ರಲ್ಲಿ ಗುರುಗಳು ತೀರಿಕೊಂಡಾಗ ಆಶ್ರಮ, ಕಂಪನಿ ಎರಡರ ಭಾರವೂ ಮೂವತ್ತರ ಹರೆಯದ ಪುಟ್ಟರಾಜರ ಹೆಗಲೇರಿತು. ಅವರು ನಾಟಕಗಳನ್ನು ತಾವೇ ರಚಿಸಿ, ರಾಗ ಕೂಡಿಸಿ, ಊರೂರು ಆಡಿಸಿದರು. ೨೦೧೦ರಲ್ಲಿ ಲಿಂಗೈಕ್ಯರಾಗುವವರೆಗೂ ಊಟಕ್ಕಾಗಲಿ ಪಾಠಕ್ಕಾಗಲಿ ಬಾಲಕರಿಂದ ಕಾಸು ಕೇಳಲಿಲ್ಲ.